ಸೋತ ತಮ್ಮನ ಪರವಾಗಿ ಎರಡು ಮಾತು

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಸಾಧನೆಗಳನ್ನು ವಿವರಿಸಿರಿ ಎಂಬ ಪ್ರಶ್ನೆ ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಉತ್ತರವೂ ನಮಗೆಲ್ಲ ಬಾಯಿಪಾಠವೇ. 1076ರಲ್ಲಿ ಪಟ್ಟವೇರಿದನು, ತನ್ನ ಹೆಸರಿನ ಶಕೆಯನ್ನು ಆರಂಭಿಸಿದನು, 1126ರವರೆಗೆ, ಸುಮಾರು ಐವತ್ತು ವರ್ಷ ಆಳಿದನು, ಬಿಲ್ಹಣನಿಗೂ ವಿಜ್ಞಾನೇಶ್ವರನಿಗೂ ಆಶ್ರಯವಿತ್ತನು. ಇಷ್ಟೆಲ್ಲದರ ನಡುವೆ ಒಂದು ಪುಟ್ಟ ವಾಕ್ಯವೂ ಬರುತ್ತದೆ: ತಮ್ಮನಾದ ಜಯಸಿಂಹನ ದಂಗೆಯನ್ನು ಅಡಗಿಸಿದನು. ಈ ವಾಕ್ಯವನ್ನು ಬರೆಯದೆ ಬಿಟ್ಟರೂ ಪರೀಕ್ಷಕರು ಅಂಕ ಕಳೆಯಲಾರರು. ಹನ್ನೆರಡು ಸಾವಿರದ ನಾಡನ್ನು ಆಳಿದ ಒಬ್ಬ ರಾಜಕುಮಾರನ ಇಡೀ ಬಾಳು ನಮ್ಮ ಉತ್ತರಪತ್ರಿಕೆಯಲ್ಲಿ ನಾಲ್ಕು ಶಬ್ದಗಳಲ್ಲಿ ಮುಗಿದು ಹೋಗುತ್ತದೆ. ಆ ನಾಲ್ಕು ಶಬ್ದಗಳ ಹಿಂದೆ ಏನಿದ್ದಿತೆಂದು ತಿಳಿಯುವ ಕುತೂಹಲದಿಂದ ಈ ಲೇಖನಕ್ಕೆ ಕೈಹಾಕಿದ್ದೇನೆ. ಚಕ್ರವರ್ತಿಯ ಕೀರ್ತಿಗೆ ಇದರಿಂದ ಕುಂದಿಲ್ಲ. ಅವನ ಪರವಾಗಿ ಮಾತನಾಡಿದವರು ಬಹಳ ಮಂದಿ. ಸೋತ ತಮ್ಮನ ಪರವಾಗಿಯೂ ಎರಡು ಮಾತು ಇರಲಿ ಎಂಬುದಷ್ಟೇ ನನ್ನ ಆಸೆ.

ಮೊದಲು ಅಂದಿನ ಏರ್ಪಾಡನ್ನು ನೋಡಬೇಕು. ಅಂದಿನ ರಾಜ್ಯವು ನಾಡುಗಳಾಗಿ ಹಂಚಿಹೋಗಿದ್ದಿತು. ಬನವಾಸಿ 12,000, ಗಂಗವಾಡಿ 96,000, ನೊಳಂಬವಾಡಿ 32,000, ಬೆಳ್ವೊಲ 300, ಪುಲಿಗೆರೆ 300 ಎಂದು ಶಾಸನಗಳು ಹೇಳುತ್ತವೆ. ಈ ಸಂಖ್ಯೆಗಳು ಊರುಗಳ ಲೆಕ್ಕವೋ ಆದಾಯದ ಲೆಕ್ಕವೋ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಇಂಥ ನಾಡುಗಳ ಮೇಲೆ ಅರಸನು ತನ್ನ ಮಕ್ಕಳನ್ನೋ ತಮ್ಮಂದಿರನ್ನೋ ಅಧಿಪತಿಗಳಾಗಿ ನೇಮಿಸುತ್ತಿದ್ದನು. ಇದಕ್ಕೆ ಕಾರಣ ಸುಲಭವಾಗಿಯೇ ಹೊಳೆಯುತ್ತದೆ. ಒಕ್ಕಲಿಗನ ಮನೆಯಲ್ಲಿ ಮೂವರು ಮಕ್ಕಳಿದ್ದರೆ ಹೊಲಕ್ಕೆ ಎರಡು ಬದು ಹಾಕಿದರಾಯಿತು. ಸಿಂಹಾಸನಕ್ಕೆ ಬದು ಹಾಕಲು ಬರುವುದಿಲ್ಲ. ಆದುದರಿಂದ ಪಟ್ಟ ಒಬ್ಬನಿಗೆ, ನಾಡುಗಳು ಉಳಿದವರಿಗೆ. ತರುಣರಿಗೆ ಆಳುವ ವಿದ್ಯೆ ಕಲಿತಂತೆಯೂ ಆಯಿತು, ಮನೆಯ ಮಾನ ಉಳಿದಂತೆಯೂ ಆಯಿತು. ಆದರೆ ನಾಡೆಂದರೆ ಬರಿಯ ಮಣ್ಣಲ್ಲ. ಅದರ ಜೊತೆಗೆ ಸುಂಕ ಬರುತ್ತದೆ, ದಂಡು ಬರುತ್ತದೆ, ಕೈಮುಗಿದು ನಿಲ್ಲುವ ಸಾಮಂತರು ಬರುತ್ತಾರೆ. ತಮ್ಮನ ಸಮಾಧಾನಕ್ಕೆಂದು ಕೊಟ್ಟ ಪಾಲೇ ಅಣ್ಣನ ಮೇಲೆ ಏರಿಹೋಗಲು ಬೇಕಾದ ಬಲವನ್ನೂ ಒದಗಿಸುತ್ತಿದ್ದಿತು.

ಈ ಏರ್ಪಾಡು ಚಾಲುಕ್ಯರು ಕಂಡುಹಿಡಿದುದಲ್ಲ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಬಂಡೆಗಲ್ಲಿನ ಶಾಸನವು ‘ದೇವಾನಾಂಪ್ರಿಯ’ನೆಂಬುವನು ಅಶೋಕನೇ ಎಂದು ಜಗತ್ತಿಗೆ ಸಾರಿತು. ಆ ಅಶೋಕನೂ ತಂದೆಯ ಕಾಲದಲ್ಲಿ ಉಜ್ಜಯಿನಿಯ ಪ್ರಾಂತಾಧಿಪತಿಯಾಗಿದ್ದು, ಅಣ್ಣತಮ್ಮಂದಿರೊಡನೆ ಹೋರಾಡಿ ಪಟ್ಟ ಪಡೆದನೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದಲ್ಲಿ ಸುವರ್ಣಗಿರಿಯಿಂದ ಆಜ್ಞೆ ಕಳುಹಿಸಿದ ಒಬ್ಬ ‘ಆರ್ಯಪುತ್ರ’ನ ಮಾತು ಬರುತ್ತದೆ. ಸುವರ್ಣಗಿರಿಯೆಂದರೆ ಮಸ್ಕಿಗೆ ದೂರವಲ್ಲದ ಕನಕಗಿರಿಯೆಂದು ಕೆಲವರೂ ಆಂಧ್ರದ ಜೊನ್ನಗಿರಿಯೆಂದು ಇನ್ನು ಕೆಲವರೂ ಹೇಳುತ್ತಾರೆ. ಎರಡೂ ನಮ್ಮ ಸೀಮೆಗೆ ನೆರೆಯವೇ. ಆ ರಾಜಕುಮಾರನ ಹೆಸರನ್ನು ಮಾತ್ರ ಕಲ್ಲು ಹೇಳುವುದಿಲ್ಲ. ಅರಸನ ಹೆಸರು ಉಳಿಯಿತು, ಅಧಿಪತಿಯದು ಉಳಿಯಲಿಲ್ಲ.

ಈಗ ಕಲ್ಯಾಣಕ್ಕೆ ಬರೋಣ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. ಅಲ್ಲಿ ಆಳಿದ ಒಂದನೆಯ ಸೋಮೇಶ್ವರನು ವಾಸಿಯಾಗದ ಬೇನೆಗೆ ತುತ್ತಾಗಿ 1068ರ ಮಾರ್ಚಿಯಲ್ಲಿ ಕುರುವತ್ತಿಯ ಬಳಿ ತುಂಗಭದ್ರೆಯ ನೀರಿಗಿಳಿದು ದೇಹ ಬಿಟ್ಟನು. ಅವನ ಮೂವರು ಮಕ್ಕಳ ಕಥೆಯನ್ನು ಬಿಲ್ಹಣನು ಹೇಳುತ್ತಾನೆ: ಹಿರಿಯನು ಸೋಮೇಶ್ವರ, ನಡುವಿನವನು ವಿಕ್ರಮಾದಿತ್ಯ, ಕಿರಿಯನು ಜಯಸಿಂಹ. ತಂದೆಯ ಕಾಲದಲ್ಲಿಯೇ ಮೂವರಿಗೂ ನಾಡುಗಳು ದೊರೆತಿದ್ದವು. ಹಿರಿಯನಿಗೆ ಬೆಳ್ವೊಲ, ಪುಲಿಗೆರೆ, ನಡುವಿನವನಿಗೆ ಗಂಗವಾಡಿ, ಬನವಾಸಿ, ಕಿರಿಯನಿಗೆ ತರ್ದವಾಡಿ. ತಂದೆ ತೀರಿಕೊಂಡ ಮರುತಿಂಗಳು ಹಿರಿಯನು ಭುವನೈಕಮಲ್ಲನೆಂಬ ಬಿರುದಿನೊಡನೆ ಪಟ್ಟಕ್ಕೆ ಬಂದನು. ಅವನ ಆಳಿಕೆಯಲ್ಲಿ ಜಯಸಿಂಹನು ನೊಳಂಬವಾಡಿ 32,000ವನ್ನು ಆಳುತ್ತಿದ್ದನು.

ವಿಕ್ರಮಾದಿತ್ಯನು ಮಾತ್ರ ಸುಮ್ಮನಿರಲಿಲ್ಲ. ತಂದೆ ಬದುಕಿರುವವರೆಗೆ ಯಾವ ಚೋಳರೊಡನೆ ಕಾದಾಡಿದನೋ ಆ ಚೋಳರ ಅರಸ ವೀರರಾಜೇಂದ್ರನ ಸ್ನೇಹವನ್ನೇ ಬೆಳೆಸಿದನು. ಅವನ ಮಗಳನ್ನು ಮದುವೆಯಾದನು. 1070ರಲ್ಲಿ ಚೋಳ ಸಿಂಹಾಸನವು ಒಂದನೆಯ ಕುಲೋತ್ತುಂಗನಿಗೆ ಹೋಯಿತು. ಭುವನೈಕಮಲ್ಲನು ಆ ಕುಲೋತ್ತುಂಗನ ಕೈಹಿಡಿದನು. ಅಣ್ಣತಮ್ಮಂದಿರಿಬ್ಬರೂ ಹೊರಗಿನವರ ಬಲವನ್ನು ನೆಚ್ಚಿದ ಈ ಜಗಳವು 1076ರಲ್ಲಿ ಮುಗಿಯಿತು. ಅಣ್ಣನು ಸೆರೆಮನೆಗೆ, ತಮ್ಮನು ಸಿಂಹಾಸನಕ್ಕೆ. ಈ ಯುದ್ಧದಲ್ಲಿ ಕಿರಿಯ ಜಯಸಿಂಹನು ವಿಕ್ರಮಾದಿತ್ಯನ ಪಕ್ಷದಲ್ಲಿದ್ದನು.

ಪಟ್ಟದ ಅರಸನ ಮೇಲೆ ನಾಡಿನ ಅಧಿಪತಿಯೊಬ್ಬನು ಪರರಾಜ್ಯದ ಸಖ್ಯದೊಡನೆ ಏರಿಹೋದರೆ ಅದಕ್ಕೆ ಏನೆಂದು ಹೆಸರು? ಸಾಮಾನ್ಯ ಭಾಷೆಯಲ್ಲಿ ದಂಗೆಯೆಂದೇ ಹೆಸರು. ಆದರೆ ಗೆದ್ದವನ ಆಸ್ಥಾನದಲ್ಲಿ ಒಬ್ಬ ಮಹಾಕವಿಯಿದ್ದನು. ಕಾಶ್ಮೀರದಿಂದ ಬಂದು ‘ವಿದ್ಯಾಪತಿ’ಯೆಂಬ ಪದವಿಯನ್ನು ಪಡೆದ ಬಿಲ್ಹಣನು ಹದಿನೆಂಟು ಸರ್ಗಗಳ ‘ವಿಕ್ರಮಾಂಕದೇವಚರಿತ’ವನ್ನು ರಚಿಸಿದನು. ಈ ಕಾವ್ಯವು ಶತಮಾನಗಳ ಕಾಲ ಕಣ್ಮರೆಯಾಗಿದ್ದು, 1874ರಲ್ಲಿ ಜೈಸಲ್ಮೇರಿನ ಗ್ರಂಥಭಂಡಾರದಲ್ಲಿ ಬ್ಯೂಲರ್ ಎಂಬ ಜರ್ಮನ್ ವಿದ್ವಾಂಸನಿಗೆ ದೊರೆಯಿತು. ಅದರಲ್ಲಿ ಕವಿ ಪಟ್ಟ ಶ್ರಮವನ್ನು ನೋಡಿದರೆ ಮರುಕ ಹುಟ್ಟುತ್ತದೆ. ತಂದೆಯೇ ಯುವರಾಜ ಪದವಿಯನ್ನು ನೀಡಲು ಬಂದಾಗ, ಅಣ್ಣನಿರುವಾಗ ನನಗೆ ಸಲ್ಲದೆಂದು ವಿಕ್ರಮಾದಿತ್ಯನು ನಿರಾಕರಿಸಿದನಂತೆ. ಅಣ್ಣನು ಮದದಿಂದಲೂ ಸಂಶಯದಿಂದಲೂ ಕೆಟ್ಟುಹೋದನಂತೆ. ಯುದ್ಧಕ್ಕೆ ಮನಸ್ಸು ಬಾರದಿದ್ದಾಗ ಸಾಕ್ಷಾತ್ ಶಿವನೇ ಕನಸಿನಲ್ಲಿ ಬಂದು ಆಜ್ಞಾಪಿಸಿದನಂತೆ. ಒಬ್ಬನು ಅಣ್ಣನನ್ನು ಇಳಿಸಿ ಪಟ್ಟವೇರಿದುದನ್ನು ಸಮರ್ಥಿಸಲು ದೇವರನ್ನೇ ಕರೆಯಬೇಕಾಯಿತೆಂದರೆ, ಆ ಕೆಲಸವು ಅಂದಿನ ಜನರಿಗೂ ಅಷ್ಟು ಸಲೀಸಾಗಿ ಒಪ್ಪಿಗೆಯಾಗಿರಲಿಲ್ಲವೆಂದೇ ಅರ್ಥ. ಬಿಲ್ಹಣನ ಜಾಣತನವೇ ಅವನ ಅಳುಕನ್ನು ಹೊರಗೆಡಹುತ್ತದೆ.

ಹೊಸ ಚಕ್ರವರ್ತಿಯು ತಮ್ಮನ ಉಪಕಾರವನ್ನು ಮರೆಯಲಿಲ್ಲ. ಜಯಸಿಂಹನನ್ನು ಯುವರಾಜನನ್ನಾಗಿ ಮಾಡಿದನು. ಬನವಾಸಿ, ಸಾಂತಳಿಗೆ, ಬೆಳ್ವೊಲ, ಪುಲಿಗೆರೆ ನಾಡುಗಳು ಅವನ ಕೈಸೇರಿದವು. ಎಂದರೆ, ಹಿಂದೆ ಇಬ್ಬರು ಅಣ್ಣಂದಿರು ಬೇರೆ ಬೇರೆಯಾಗಿ ಆಳಿದ್ದ ನಾಡುಗಳು ಈಗ ಒಬ್ಬ ತಮ್ಮನಲ್ಲಿ ಕೂಡಿದವು. ಆರೇಳು ವರ್ಷ ಹೀಗೆಯೇ ಕಳೆದವು. ಆಮೇಲೆ, ಸುಮಾರು 1083ರ ಹೊತ್ತಿಗೆ, ಜಯಸಿಂಹನು ಅಣ್ಣನಿಗೆ ಇದಿರಾದನು. ಪ್ರಜೆಗಳನ್ನು ಹಿಂಡಿ ಹಣ ಕೂಡಿಹಾಕಿದನು, ಕಾಡಿನ ಪಂಗಡಗಳನ್ನು ದಂಡಿಗೆ ಸೇರಿಸಿಕೊಂಡನು, ಚೋಳನ ಸ್ನೇಹವನ್ನು ಬಯಸಿದನು, ಸಾಮಂತರೊಡನೆ ಕೃಷ್ಣೆಯ ತೀರದವರೆಗೆ ಬಂದನು ಎಂಬುದು ಬಿಲ್ಹಣನ ಹೇಳಿಕೆ. ಮೊದಲು ಜಯಸಿಂಹನ ಆನೆಗಳು ಮೇಲುಗೈ ಸಾಧಿಸಿದವು; ಕೊನೆಗೆ ಗೆಲುವು ಅಣ್ಣನದಾಯಿತು. ಓಡಿಹೋದ ತಮ್ಮನು ಕಾಡಿನಲ್ಲಿ ಸೆರೆಸಿಕ್ಕನು. ಅಣ್ಣನು ಅವನೊಡನೆ ಮೃದುವಾಗಿಯೇ ಮಾತನಾಡಿದನು. ಅಲ್ಲಿಂದ ಮುಂದೆ ಶಾಸನಗಳಲ್ಲಿ ಜಯಸಿಂಹನ ಹೆಸರು ಕಾಣುವುದಿಲ್ಲ. ಅವನು ಆಳಿದ ನಾಡುಗಳು ಮುಂದೆ ಅನಂತಪಾಲನಂಥ ದಂಡನಾಯಕರ ಕೈಗೆ ಹೋದವು.

ಕೃಷ್ಣೆಯ ತೀರವೆಂಬ ಮಾತು ಬಂದುದರಿಂದ ನಮ್ಮ ಸೀಮೆಯ ವಿಷಯವಾಗಿ ಒಂದು ಮಾತು ಹೇಳಬೇಕು. ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ನೆಲವನ್ನು ಅಂದು ಎಡೆದೊರೆ 2,000 ಎಂದು ಕರೆಯುತ್ತಿದ್ದರು. ಚೋಳರ ಶಾಸನಗಳಲ್ಲಿಯೂ ಈ ನಾಡಿನ ಹೆಸರಿದೆ. ಯಾರು ಯಾರ ಮೇಲೆ ಏರಿಹೋದರೂ ಇದನ್ನು ದಾಟದೆ ಹೋಗುವಂತಿರಲಿಲ್ಲ. ದೇವದುರ್ಗ ತಾಲ್ಲೂಕಿನ ನಮ್ಮ ಗೂಗಲ್ ಈ ನಾಡಿನ ಬಡಗಣ ಅಂಚಿನಲ್ಲಿ, ಹೊಳೆಯ ದಡದ ಮೇಲೆಯೇ ಇದೆ. ಊರ ಹೆಸರು ಹೇಳಿದರೆ ಈಗಿನ ಗೆಳೆಯರು ನಗುತ್ತಾರೆ. ಕೈಯಲ್ಲಿಯ ಮೊಬೈಲನ್ನು ತೋರಿಸುತ್ತಾರೆ. ನಮ್ಮೂರ ಗೂಗಲ್ ಅದಕ್ಕಿಂತ ಬಹಳ ಹಳೆಯದು, ಅಲ್ಲಮಪ್ರಭುವಿನ ಗುಡಿಯುಳ್ಳದ್ದು ಎಂದು ನಾನು ಹೇಳುತ್ತೇನೆ. ಜಯಸಿಂಹನ ದಂಡು ಇಳಿದ ಘಟ್ಟ ಇದೇ ಎಂದು ಹೇಳುವ ಧೈರ್ಯ ನನಗಿಲ್ಲ. ಬಿಲ್ಹಣನು ಹೇಳಿರುವುದು ಹೊಳೆಯ ಹೆಸರನ್ನು ಮಾತ್ರ. ಆದರೂ ಬೇಸಗೆಯಲ್ಲಿ ನೀರು ಇಳಿದು ಹಾಸುಬಂಡೆಗಳು ಎದ್ದು ಕಾಣುವಾಗ, ದಂಡುಗಳಿಗೆ ಈ ಹೊಳೆಯೇ ಗಡಿಯೂ ದಾರಿಯೂ ಆಗಿದ್ದಿತೆಂಬುದನ್ನು ನಂಬಲು ಕಷ್ಟವಾಗುವುದಿಲ್ಲ. ಹೊಳೆಯ ದಡದ ರೈತನಿಗೆ ಅಣ್ಣನ ದಂಡು ಬಂದರೇನು, ತಮ್ಮನ ದಂಡು ಬಂದರೇನು? ನಿಂತ ಜೋಳವನ್ನು ಎರಡೂ ಮೇಯಿಸುತ್ತಿದ್ದವು.

ಈಗ ಎರಡು ಘಟನೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. 1076ರಲ್ಲಿ ಒಬ್ಬ ತಮ್ಮನು ತನಗೆ ದೊರೆತ ನಾಡಿನ ಬಲದಿಂದ ಅಣ್ಣನ ಮೇಲೆ ನಡೆದನು. ಏಳು ವರ್ಷಗಳ ತರುವಾಯ ಇನ್ನೊಬ್ಬ ತಮ್ಮನು ಅದನ್ನೇ ಮಾಡಿದನು. ಅವನೂ ಚೋಳರ ಸ್ನೇಹ ಬೆಳೆಸಿದನು, ಇವನೂ ಬಯಸಿದನು. ಮೊದಲನೆಯದು ಶಕಪುರುಷನ ಉದಯವೆನಿಸಿತು, ಎರಡನೆಯದು ದ್ರೋಹವೆನಿಸಿತು. ಕೃತ್ಯ ಒಂದೇ, ಹೆಸರು ಎರಡು. ಜಯಸಿಂಹನು ನಿರಪರಾಧಿಯೆಂದು ನಾನು ವಾದಿಸುವುದಿಲ್ಲ. ಪ್ರಜೆಗಳನ್ನು ಹಿಂಡಿದ್ದರೆ ಅದು ತಪ್ಪೇ. ಆದರೆ ಆ ಆಪಾದನೆಯನ್ನು ಹೊರಿಸಿದವನು ಗೆದ್ದವನ ಕವಿ. ಅದೇ ಕವಿ ಭುವನೈಕಮಲ್ಲನ ಮೇಲೆಯೂ ಅಂಥವೇ ಆಪಾದನೆಗಳನ್ನು ಹೊರಿಸಿದ್ದನೆಂಬುದನ್ನು ಮರೆಯಬಾರದು.

ಜಯಸಿಂಹನಿಗೆ ಕವಿಯಿರಲಿಲ್ಲ, ಆದರೆ ಕಲ್ಲುಗಳಿದ್ದವು. ಅವನ ಶಾಸನಗಳಲ್ಲಿ ಅವನಿಗೆ ‘ಅಣ್ಣನಂಕಕಾರ’ ಎಂಬ ಬಿರುದಿದೆ. ಅಂಕಕಾರನೆಂದರೆ ಕಣಕ್ಕಿಳಿದು ಇನ್ನೊಬ್ಬನ ಪರವಾಗಿ ಹೋರಾಡುವ ವೀರ. ಅಣ್ಣನ ಪರವಾಗಿ ಹೋರಾಡುವವನು, ಅವನೇ ಅಣ್ಣನಂಕಕಾರ. ಈ ಒಂದು ಬಿರುದಿನಲ್ಲಿ ಅವನ ಬಾಳಿನ ಸಂಕಟವೆಲ್ಲ ಅಡಗಿದೆಯೆಂದು ನನಗೆ ತೋರುತ್ತದೆ. ಇಬ್ಬರು ಅಣ್ಣಂದಿರು ಒಬ್ಬರ ಮೇಲೊಬ್ಬರು ಬಿದ್ದಾಗ ಅಣ್ಣನಂಕಕಾರನು ಯಾವ ಅಣ್ಣನ ಪರವಾಗಿ ನಿಲ್ಲಬೇಕು? ಒಬ್ಬ ಅಣ್ಣನನ್ನು ಇಳಿಸುವುದು ಧರ್ಮವೆಂದು ಇನ್ನೊಬ್ಬ ಅಣ್ಣನಿಂದಲೇ ಕಲಿತವನು ಆ ಪಾಠವನ್ನು ಮತ್ತೊಮ್ಮೆ ಒಪ್ಪಿಸಿದರೆ, ಅಚ್ಚರಿಪಡುವ ಹಕ್ಕು ಗುರುವಿಗಿದೆಯೇ?

ಇದು ನಮ್ಮ ಕಲ್ಯಾಣಕ್ಕೆ ಮಾತ್ರ ಸೇರಿದ ರೋಗವಲ್ಲ. ಅದೇ ಕಾಲದಲ್ಲಿ ಸಮುದ್ರದಾಚೆಯ ಬರ್ಮಾದೇಶದ ಪಗಾನಿನಲ್ಲಿ, ಅನೋರಥ ದೊರೆಯ ಮಗನ ಆಳಿಕೆಯಲ್ಲಿ, ಪೆಗು ಪ್ರಾಂತದ ಅಧಿಪತಿಯು ದಂಗೆಯೆದ್ದನು. ಅವನು ಆ ಅರಸನ ದಾದಿಯ ಮಗ, ಒಡನಾಡಿಯಾಗಿ ಬೆಳೆದವನು ಎಂದು ಅಲ್ಲಿನ ಚರಿತ್ರೆಗಳು ಹೇಳುತ್ತವೆ. ಆ ಗಲಭೆಯಲ್ಲಿ ಅರಸನು ಹತನಾಗಿ, ಹಿಂದೆ ರಾಜಧಾನಿಯಿಂದ ಹೊರದೂಡಲ್ಪಟ್ಟಿದ್ದ ಕ್ಯಾನ್ಸಿತ್ತನು 1084ರಲ್ಲಿ ಪಟ್ಟವೇರಿ ಆ ದೇಶದ ಶ್ರೇಷ್ಠ ದೊರೆಗಳಲ್ಲೊಬ್ಬನೆನಿಸಿದನು. ನಮ್ಮ ನಾಡಿನಲ್ಲಿಯೇ ಇದಕ್ಕೂ ಮುಂಚಿನ ಇನ್ನೊಂದು ನಿದರ್ಶನವಿದೆ. ರಾಷ್ಟ್ರಕೂಟರ ಧ್ರುವನು ಕಿರಿಯ ಮಗನಾದ ಮೂರನೆಯ ಗೋವಿಂದನಿಗೆ ರಾಜ್ಯ ಕೊಟ್ಟಾಗ, ಗಂಗವಾಡಿಯ ಅಧಿಪತಿಯಾಗಿದ್ದ ಹಿರಿಯ ಮಗ ಸ್ತಂಭನು ಹನ್ನೆರಡು ಮಂದಿ ಅರಸರನ್ನು ಕೂಡಿಕೊಂಡು ಇದಿರುಬಿದ್ದನು. 793ರ ಸುಮಾರಿಗೆ ಪಟ್ಟವೇರಿದ ಗೋವಿಂದನು ಅವನನ್ನು ಸೋಲಿಸಿದನು. ಆದರೆ ಕ್ಷಮಿಸಿ ಮತ್ತೆ ಅದೇ ಗಂಗವಾಡಿಗೆ ಅಧಿಪತಿಯಾಗಿ ಕಳುಹಿಸಿದನು. ಸ್ತಂಭನ ಹೆಸರು ಆಮೇಲಿನ ತಾಮ್ರಪಟದಲ್ಲಿಯೂ ಗೌರವದಿಂದ ಉಳಿದಿದೆ. ಸೋತವನಿಗೆ ನಾಡಿನ ಜೊತೆಗೆ ಹೆಸರನ್ನೂ ಹಿಂದಿರುಗಿಸಿದ ಆ ದೊರೆಯ ದೊಡ್ಡತನ ನನಗೆ ಅವನ ದಿಗ್ವಿಜಯಗಳಿಗಿಂತ ಹಿರಿದಾಗಿ ಕಾಣುತ್ತದೆ.

ಇನ್ನೊಂದು ಸೋಜಿಗವಿದೆ. ಯಾವ ಕಲ್ಯಾಣದಲ್ಲಿ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಸೆರೆಹಿಡಿದರೋ, ಅದೇ ಕಲ್ಯಾಣದಲ್ಲಿ, ಅದೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರ’ವನ್ನು ಬರೆದನು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಂದು ಅದು ಸಾರಿತು. ಬಂಗಾಳ, ಅಸ್ಸಾಮುಗಳನ್ನು ಬಿಟ್ಟರೆ ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಪಾಲಿನ ವ್ಯಾಜ್ಯಗಳು ಶತಮಾನಗಳ ಕಾಲ ಅದನ್ನೇ ಆಧರಿಸಿ ತೀರ್ಮಾನವಾದವು. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದಾಯಿತು. ಅರಮನೆಯಲ್ಲಿ ಕತ್ತಿಯಿಂದ ಆದ ಪಾಲನ್ನು ಜನರ ಮನೆಗಳಲ್ಲಿ ಬರಹದಿಂದ ಮಾಡುವ ದಾರಿಯನ್ನು ಕಲ್ಯಾಣದ ಪಂಡಿತನೊಬ್ಬನು ತೋರಿಸಿಕೊಟ್ಟನು. ಆದರೆ ಆ ದಾರಿಯಲ್ಲಿಯೂ ಮನಸ್ಸು ಒಡೆಯದೆ ಇರುವುದಿಲ್ಲ.

ಇದನ್ನು ನಾನು ಪುಸ್ತಕದಿಂದ ಕಲಿತುದಲ್ಲ. ನಮ್ಮ ತಂದೆಯವರೂ ನಮ್ಮ ಕಾಕಾನೂ ಪಾಲಾಗಿ ಎಂಟು ವರ್ಷಗಳಾದವು. ಮಳೆ ಕೈಕೊಟ್ಟ ವರ್ಷ ಅಪ್ಪ ಗುಳೆ ಹೊರಟು ಬೆಂಗಳೂರಿನಲ್ಲಿ ಕಲ್ಲು ಮಣ್ಣು ಹೊತ್ತನು. ಅವನು ಕಳುಹಿಸಿದ ಹಣದಿಂದ ಹೊಲದಲ್ಲಿ ಬೋರು ಬಿದ್ದಿತು. ಕಾಕಾ ಊರಲ್ಲಿಯೇ ನಿಂತು ಹನ್ನೊಂದು ವರ್ಷ ಹೊಲ ನೋಡಿಕೊಂಡನು. ಅಪ್ಪ ಮರಳಿ ಬಂದು ಸಮಪಾಲು ಕೇಳಿದಾಗ ಕಾಕಾ ಒಪ್ಪಲಿಲ್ಲ. ಹಿರಿಯರು ಕೂಡಿ ತೀರ್ಮಾನ ಮಾಡಿದರು. ದಾರಿಯ ಕಡೆಯ ಎರೆಹೊಲವೂ ಬೋರೂ ಅಪ್ಪನ ಪಾಲಿಗೆ ಬಂದವು. ಅಂದಿನಿಂದ ನಮ್ಮ ಮನೆಯಲ್ಲಿ ಕಾಕಾನ ಹೆಸರನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ಕೇಡಿಗನೆಂದೇ ಎತ್ತುತ್ತಾರೆ.

ಜಯಸಿಂಹನ ಕಥೆ ಓದಿದ ವರ್ಷ, ರಜೆಯಲ್ಲಿ ನಾನು ಕಾಕಾನ ಹೊಲಕ್ಕೆ ಹೋಗಿದ್ದೆ. ಅವನು ಹತ್ತಿಗೆ ಔಷಧ ಹೊಡೆಯುತ್ತಿದ್ದನು. ಪಂಪನ್ನು ಇಳಿಸಿ, ಬದುವಿನ ಮೇಲೆ ಕುಳಿತು, ಬಹಳ ಹೊತ್ತು ಸುಮ್ಮನಿದ್ದು, “ಹನ್ನೊಂದು ವರ್ಷ ಈ ಹೊಲದಾಗ ಹೆಂಟಿ ಒಡದವ ನಾನಪಾ. ಹಗ್ಗ ಹಿಡದು ಹೊಲ ಅಳದ್ರು, ಅದನ್ನ ಯಾರೂ ಅಳೀಲಿಲ್ಲ” ಎಂದನು. ಅಪ್ಪನನ್ನು ಒಂದು ಮಾತೂ ಬೈಯಲಿಲ್ಲ. ಅಪ್ಪ ಬೆಂಗಳೂರಿನಲ್ಲಿ ಹೊತ್ತ ಕಲ್ಲೂ ಸುಳ್ಳಲ್ಲ, ಕಾಕಾ ಇಲ್ಲಿ ಒಡೆದ ಹೆಂಟೆಯೂ ಸುಳ್ಳಲ್ಲ. ಎರಡೂ ನಿಜವಾಗಿರುವಾಗ ಒಬ್ಬನನ್ನು ಕೇಡಿಗನೆಂದು ಕರೆಯದಿದ್ದರೆ ಕಥೆ ನಿಲ್ಲುವುದಿಲ್ಲವೆಂದು ನಾವು ಏಕೆ ತಿಳಿಯುತ್ತೇವೆ?

ಈ ವರ್ಷ ನಮ್ಮ ಅಕ್ಕನ ಮದುವೆ ಕೂಡಿಬಂದಿತು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಲಗ್ನಪತ್ರಿಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ಕಾಗದ ಮುಂದಿಟ್ಟುಕೊಂಡು ಕುಳಿತಾಗ ನನಗೆ ಬಿಲ್ಹಣನ ನೆನಪಾಯಿತು. ತಲೆತಲಾಂತರದಿಂದ ನಮ್ಮ ಮನೆತನದ ಹೆಸರುಗಳನ್ನು ಬೇರೆಯವರು ಬರೆದರು: ಶಾನುಭೋಗರು ಬರೆದರು, ಸಾಲ ಕೊಟ್ಟವರು ಬರೆದರು. ನಾವು ಹೆಬ್ಬೆಟ್ಟು ಒತ್ತಿದೆವು. ಈಗ ಮೊದಲ ಸಲ ಲೇಖನಿ ನಮ್ಮ ಮನೆಗೆ ಬಂದಿದೆ. ಯಾವ ಹೆಸರು ಉಳಿಯಬೇಕು, ಯಾವುದು ಅಳಿಯಬೇಕು ಎಂಬ ಅಧಿಕಾರವೂ ಅದರ ಜೊತೆಗೆ ಬಂದಿದೆ. ಸಣ್ಣ ಪ್ರಮಾಣದಲ್ಲಿ ಇದೂ ಒಂದು ನಾಡಿನ ಆಧಿಪತ್ಯವೇ.

ಸುಖಾಗಮನ ಬಯಸುವವರ ಸಾಲಿನಲ್ಲಿ ಅಪ್ಪನ ಹೆಸರಿನ ಕೆಳಗೆ ನಾನು ಕಾಕಾನ ಹೆಸರನ್ನು ಬರೆದೆ. ಓದಿ ಹೇಳೆಂದು ಅಪ್ಪ ಕೇಳಿದನು. ಒಂದು ಹೆಸರನ್ನೂ ಬಿಡದೆ ಓದಿದೆ. ಆ ಹೆಸರು ಬಂದಾಗ ಅವನು ತಲೆಯೆತ್ತಿದನು, ಮತ್ತೆ ತಗ್ಗಿಸಿದನು. “ಬರದಿಯಲ್ಲ, ಇರ್ಲಿ ಬಿಡು” ಎಂದನು. ಅಷ್ಟರಿಂದ ಎಂಟು ವರ್ಷಗಳ ಮುನಿಸು ಕರಗಿಹೋಯಿತೆಂದು ನಾನು ಹೇಳಲಾರೆ. ಬದು ಇದ್ದಲ್ಲಿಯೇ ಇದೆ, ಬೋರು ಇದ್ದ ಕಡೆಯೇ ಇದೆ. ಆದರೆ ಅಚ್ಚಾದ ಕಾಗದದಲ್ಲಿ ಅಣ್ಣನ ಹೆಸರಿನ ಕೆಳಗೆ ತಮ್ಮನ ಹೆಸರು ಉಳಿಯಿತು. ಗೆದ್ದವರಿಗೆ ಶಕೆಗಳನ್ನೂ ಕಾವ್ಯಗಳನ್ನೂ ಕಟ್ಟುವವರು ಎಂದೂ ಇರುತ್ತಾರೆ. ಸೋತವರ ಹೆಸರನ್ನು ಅದರದರ ಸ್ಥಾನದಲ್ಲಿ ಬರೆದಿಡುವುದು ಹೊಸದಾಗಿ ಬರೆಯಲು ಕಲಿತ ನಮ್ಮಂಥವರ ಕೆಲಸವಾಗಬೇಕು.